ಹರಾಜಿಗೆ ಇಟ್ಟ ಎಚ್‌ಎಂಟಿ ಕೈಗಡಿಯಾರಗಳ ಫೋಟೊ ಹೇಗಿರಬೇಕು?

ತುಮಕೂರಿನ_ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಜೋಡಣೆ ವಿಭಾಗದಲ್ಲಿ ದುಡಿದವರು. ಅವರು ಜೋಪಾನವಾಗಿ ಇಟ್ಟುಕೊಂಡಿದ್ದ ಒಂಬತ್ತು ಕೈಗಡಿಯಾರಗಳಲ್ಲಿ ಎರಡನ್ನು ಮನೆಗೆಂದು ಉಳಿಸಿಕೊಂಡು, ಉಳಿದ ಏಳನ್ನು ಅವುಗಳ ಬೆಲೆ ಬಲ್ಲವರಿಗೆ ಮಾರೋಣವೆಂದು ಅಮ್ಮನೂ ನಾನೂ ಸೇರಿ ತೀರ್ಮಾನಿಸಿದೆವು. ಕಳೆದ ತಿಂಗಳು ಎಚ್‌ಎಂಟಿಯ ಮಾದರಿಗಳಾದ ಒಂದು ಜನತಾ ಮತ್ತು ಕಪ್ಪು ಡಯಲ್‌ನ ಒಂದು ಪೈಲಟ್ ಅನ್ನು ಹೊರದೇಶದವರೂ ಬೆಲೆ ಕೂಗುವ ಒಂದು ಆನ್‌ಲೈನ್ ತಾಣದಲ್ಲಿ ಏಳು ದಿನಗಳ ಹರಾಜಿಗೆ ಹಾಕಿದೆ. ಒಂದೊಂದಕ್ಕೂ ನಾಲ್ಕು ಫೋಟೊ ಇದ್ದವು. ರಾತ್ರಿ ಹೊತ್ತು, ಟ್ಯೂಬ್‌ಲೈಟ್ ಕೆಳಗೆ, ಕೆಂಪು ಮಖಮಲ್ಲಿನ ಬಟ್ಟೆಯ ಮೇಲಿಟ್ಟು, ಮೊಬೈಲಿನ ಫ್ಲ್ಯಾಶ್ ಹಾಕಿ ತೆಗೆದವು.

ಜನತಾಗೆ ಎರಡು ಕೂಗು ಬಂದು ಆರಂಭದ ಬೆಲೆಗಿಂತ ಸ್ವಲ್ಪ ಮೇಲೆ ನಿಂತಿತು. ಪೈಲಟ್‌ಗೆ ಒಂದೂ ಕೂಗು ಬರಲಿಲ್ಲ. ಬದಲಿಗೆ ಹನ್ನೊಂದು ಪ್ರಶ್ನೆಗಳು ಬಂದವು: ಡಯಲ್ ಮೂಲದ್ದೋ ಮರುಬಣ್ಣ ಹಚ್ಚಿದ್ದೋ, ಒಳಗಿನ ಯಂತ್ರ ಯಾವುದು, ಹಿಂಬದಿಯ ಮುಚ್ಚಳದ ಮೇಲಿನ ಅಕ್ಷರಗಳು ಸವೆದಿವೆಯೇ, ಹೀಗೆ. ಅದೇ ವಾರ ಬೇರೊಬ್ಬರ ಪೈಲಟ್, ಗಾಜಿನ ಮೇಲೆ ಎದ್ದು ಕಾಣುವ ಗೀರು ಇದ್ದದ್ದು, ನಾನು ಕೇಳಿದ್ದ ಆರಂಭದ ಬೆಲೆಯ ಮೂರರಷ್ಟಕ್ಕೆ ಹೋಯಿತು. ನಮ್ಮದರ ಗಾಜಿನ ಮೇಲೆ ಗೀರೇ ಇಲ್ಲ. ತಂದೆಯವರು ಕೈಯಾರೆ ನೋಡಿಕೊಂಡ ವಸ್ತುವನ್ನು ಜನ ಅನುಮಾನದಿಂದ ನೋಡಿದರಲ್ಲ ಎಂಬುದೇ ನನಗೆ ಹೆಚ್ಚು ನೋವಾದ ಸಂಗತಿ. ಫೋಟೊದಲ್ಲಿ ನಾನು ಎಲ್ಲಿ ಎಡವಿದೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ರೆಡಿಂಗ್_ಕನ್ನಡಿಗ

ಮೇಡಂ, ನಾನು ಇಂಗ್ಲೆಂಡಿನಲ್ಲಿದ್ದೇನೆ. ಎಂಟು ವರ್ಷಗಳಿಂದ ಎಚ್‌ಎಂಟಿ ಕೈಗಡಿಯಾರಗಳನ್ನು ಹರಾಜಿನಲ್ಲಿ ಕೊಳ್ಳುತ್ತಿದ್ದೇನೆ. ಆದ್ದರಿಂದ ಕೊಳ್ಳುವವನ ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನು ಹೇಳುತ್ತೇನೆ.

ಬೆಂಗಳೂರಿನ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದದ್ದು ನಿಮಗೆ ಗೊತ್ತೇ ಇದೆ. ಅಲ್ಲಿಂದ ದಶಕಗಳ ಕಾಲ ಈ ಕೈಗಡಿಯಾರಗಳು ಅಪಾರ ಸಂಖ್ಯೆಯಲ್ಲಿ ತಯಾರಾಗಿ, ಕೆಟ್ಟು, ರಿಪೇರಿಯಾಗಿ, ಮತ್ತೆ ಮಾರಾಟವಾಗಿವೆ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ನಿರ್ಧಾರಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಡುವ ಮೊದಲೇ, ಮುಚ್ಚುತ್ತಾರಂತೆ ಎಂಬ ಸುದ್ದಿಗೇ ಸಂಗ್ರಾಹಕರು ಇವುಗಳ ಹಿಂದೆ ಬಿದ್ದಿದ್ದರು. ಬೇಡಿಕೆ ಏರಿದ ಕಡೆ ಕಲಬೆರಕೆಯೂ ಬಂತು. ಹಳೆಯ ಡಯಲ್‌ಗಳನ್ನು ಉಜ್ಜಿ ಕಿತ್ತಳೆ, ಗಿಳಿಹಸಿರು, ಆಕಾಶನೀಲಿ ಬಣ್ಣ ಬಳಿದು, ಅಕ್ಷರಗಳನ್ನು ಹೊಸದಾಗಿ ಅಚ್ಚೊತ್ತಿ, ಯಾವುದೋ ಕೇಸಿಗೆ ಯಾವುದೋ ಮುಳ್ಳುಗಳನ್ನು ಸೇರಿಸಿ ಮಾರುವ ಗಡಿಯಾರಗಳನ್ನು ಇಲ್ಲಿನ ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದೇ ಕರೆಯುತ್ತಾರೆ. ಒಮ್ಮೆ ಅಂಥದ್ದನ್ನು ಕೊಂಡು ಕೈ ಸುಟ್ಟುಕೊಂಡವನು ಮುಂದೆ ಮಾರಾಟಕ್ಕೆ ಬರುವ ಪ್ರತಿ ಗಡಿಯಾರವನ್ನೂ ಅದೇ ಗುಮಾನಿಯಿಂದ ನೋಡುತ್ತಾನೆ.

ಆ ಇನ್ನೊಬ್ಬರ ಪೈಲಟ್‌ಗೆ ಯಾಕೆ ಬೆಲೆ ಬಂತು ಎಂದರೆ, ಆ ಗೀರು ಕಂಡದ್ದರಿಂದಲೇ ಬಂತು. ಗೀರನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದವರು ಬೇರೇನನ್ನೂ ಮುಚ್ಚಿಟ್ಟಿರಲಾರರು ಎಂದು ನನ್ನಂಥವನು ನಂಬುತ್ತಾನೆ. ಅಕ್ರಿಲಿಕ್ ಗಾಜಿನ ಗೀರನ್ನು ಹೇಗಿದ್ದರೂ ಉಜ್ಜಿ ತೆಗೆಯಬಹುದು, ಆದರೆ ಡಯಲ್ ಹೋದರೆ ಹೋದ ಹಾಗೆಯೇ. ನಿಮ್ಮ ಫೋಟೊಗಳಲ್ಲಿ ಫ್ಲ್ಯಾಶ್‌ನ ಬಿಳಿ ಚುಕ್ಕೆ ಸರಿಯಾಗಿ ಡಯಲ್ ಮೇಲಿನ ಹೆಸರಿನ ಮೇಲೆಯೇ ಕೂತಿರುತ್ತದೆ. ನಾನು ಮೊದಲು ನೋಡಬೇಕಾದ ಜಾಗವೇ ಕಾಣದಿದ್ದ ಮೇಲೆ ಹಣ ಹೂಡುವ ಧೈರ್ಯ ಬರುವುದಿಲ್ಲ.

ಹರಾಜಿನಲ್ಲಿ ಇನ್ನೂ ಒಂದು ತೊಡಕಿದೆ. ನಿಗದಿತ ಬೆಲೆಯ ಮಾರಾಟದಲ್ಲಿ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದು, ಯೋಚಿಸಿ ಕೊಳ್ಳಬಹುದು. ಹರಾಜಿನಲ್ಲಿ ಹೆಚ್ಚಿನ ಕೂಗುಗಳು ಕೊನೆಯ ಕೆಲವು ನಿಮಿಷಗಳಲ್ಲಿ ಬೀಳುತ್ತವೆ, ಅಷ್ಟು ಹೊತ್ತಿಗೆ ನಿಮ್ಮಲ್ಲಿ ನಡುರಾತ್ರಿಯಾಗಿರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಪರವಾಗಿ ಉತ್ತರ ಹೇಳುವುದು ಫೋಟೊ ಒಂದೇ.

ಕಿಟಕಿಬೆಳಕು

ರೆಡಿಂಗ್‌ನವರು ಹೇಳಿದ್ದು ಸರಿ. ನಾನು ಮೈಸೂರಿನಲ್ಲಿ ಫೋಟೊ ತೆಗೆಯುವುದನ್ನೇ ವೃತ್ತಿ ಮಾಡಿಕೊಂಡವನು, ಆಭರಣದ ಅಂಗಡಿಗಳ ಕೆಲಸ ಬಹಳ ಮಾಡಿದ್ದೇನೆ. ಹೊಳೆಯುವ ವಸ್ತುವಿನ ಫೋಟೊ ಎಂದರೆ ವಾಸ್ತವವಾಗಿ ಅದರಲ್ಲಿ ಪ್ರತಿಫಲಿಸುವ ಕೋಣೆಯ ಫೋಟೊ. ಆದ್ದರಿಂದ ಮೊದಲು ಕೋಣೆಯನ್ನು ಸಿದ್ಧಪಡಿಸಬೇಕು.

ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ, ನೇರ ಬಿಸಿಲು ಬೀಳದ, ಸಾಧ್ಯವಾದರೆ ಉತ್ತರಕ್ಕೆ ತೆರೆದ ಕಿಟಕಿಯ ಪಕ್ಕದಲ್ಲಿ ಮೇಜು ಹಾಕಿಕೊಳ್ಳಿ. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಏಕೆಂದರೆ ಹಗಲ ಬೆಳಕಿನ ಜೊತೆ ಟ್ಯೂಬ್‌ಲೈಟ್ ಸೇರಿದರೆ ಸ್ಟೀಲಿನ ಒಂದು ಬದಿ ನೀಲಿಯಾಗಿ, ಇನ್ನೊಂದು ಬದಿ ಹಸಿರಾಗಿ ಬರುತ್ತದೆ ಮತ್ತು ಅದನ್ನು ಆಮೇಲೆ ಸರಿಪಡಿಸಲು ಆಗುವುದಿಲ್ಲ. ಕಿಟಕಿಗೆ ಒಂದು ಹಾಳೆ ಬಟರ್ ಪೇಪರ್ ಅಂಟಿಸಿದರೆ ಬೆಳಕು ಮೆದುವಾಗುತ್ತದೆ. ಕಿಟಕಿಯ ಎದುರು ಬದಿಗೆ ಒಂದು ಬಿಳಿ ರಟ್ಟನ್ನು ನಿಲ್ಲಿಸಿದರೆ ನೆರಳಿನ ಬದಿಯೂ ಕಾಣುತ್ತದೆ. ಮಖಮಲ್ಲನ್ನು ಖಂಡಿತ ಬಿಡಿ. ಕೆಂಪು ಬಟ್ಟೆಯ ಬಣ್ಣ ಕೇಸಿನ ಅಂಚಿಗೆಲ್ಲ ಹತ್ತಿ, ಕ್ರೋಮ್ ಕೇಸು ತಾಮ್ರದಂತೆ ಕಾಣುತ್ತದೆ. ಬೂದುಬಣ್ಣದ ಒರಟು ಕಾಗದ ಅಥವಾ ಹೊಳಪಿಲ್ಲದ ಮರದ ಹಲಗೆ ಸಾಕು.

ಗಾಜಿನ ಪ್ರತಿಫಲನದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲಿಯೇ. ಹಳೆಯ ಎಚ್‌ಎಂಟಿಯ ಗಾಜು ಉಬ್ಬಿರುತ್ತದೆ. ಅದು ಸಣ್ಣ ಗುಮ್ಮಟದಂತೆ ಸುತ್ತಲಿನ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ, ನಿಮ್ಮ ಮೊಬೈಲು ಮತ್ತು ಕೈಬೆರಳುಗಳನ್ನೂ ಸೇರಿಸಿ. ಒಂದು ಕಪ್ಪು ಡ್ರಾಯಿಂಗ್ ಹಾಳೆಯಲ್ಲಿ ಮೊಬೈಲಿನ ಲೆನ್ಸಿನಷ್ಟೇ ರಂಧ್ರ ಕತ್ತರಿಸಿ, ಆ ರಂಧ್ರದ ಮೂಲಕ ಫೋಟೊ ತೆಗೆಯಿರಿ. ಆಗ ಗಾಜಿನಲ್ಲಿ ಕಾಣುವುದು ಕಪ್ಪು ಮಾತ್ರ, ಅದರ ಹಿಂದೆ ಡಯಲ್ ಶುಭ್ರವಾಗಿ ಎದ್ದು ಬರುತ್ತದೆ. ಮೊಬೈಲನ್ನು ಗಡಿಯಾರದ ಹತ್ತಿರಕ್ಕೆ ಒಯ್ಯಬೇಡಿ. ಹತ್ತಿರದಿಂದ ತೆಗೆದರೆ ನಡುಭಾಗ ಉಬ್ಬಿ ಕೇಸಿನ ಆಕಾರವೇ ಸುಳ್ಳಾಗುತ್ತದೆ. ಒಂದು ಮೊಳ ಹಿಂದೆ ಸರಿದು ಎರಡು ಪಟ್ಟು ಝೂಮ್ ಮಾಡುವುದು ಲೇಸು. ಪುಸ್ತಕಗಳನ್ನು ಪೇರಿಸಿ ಮೊಬೈಲನ್ನು ಅದರ ಮೇಲಿಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿದರೆ ಕೈ ನಡುಕದ ಮಬ್ಬು ಬರುವುದಿಲ್ಲ.

ಚಿಕ್ಕಪೇಟೆ_ಮುಳ್ಳು

ನಾನು ಬೆಂಗಳೂರಿನಲ್ಲಿ ಕೈಗಡಿಯಾರ ರಿಪೇರಿ ಮಾಡುವವನು, ಇದು ನಮ್ಮ ತಂದೆಯ ಕಾಲದ ಅಂಗಡಿ. ಅಮ್ಮಾ, ತಮ್ಮ ತಂದೆಯವರು ಜೋಡಿಸಿದಂಥ ಗಡಿಯಾರಗಳನ್ನೇ ನಾನು ದಿನವೂ ಬಿಚ್ಚುತ್ತೇನೆ, ಆದ್ದರಿಂದ ಗೌರವದಿಂದಲೇ ಹೇಳುತ್ತೇನೆ: ಯಂತ್ರದ ಫೋಟೊ ಇಲ್ಲದೆ ಪೈಲಟ್ ಆಗಲಿ ಜನತಾ ಆಗಲಿ ಮಾರಲು ಹೋಗಬೇಡಿ.

ಹಿಂಬದಿಯ ಮುಚ್ಚಳವನ್ನು ಮನೆಯಲ್ಲಿ ಚಾಕುವಿನಿಂದ ಮೀಟಬೇಡಿ, ಒಂದು ಜಾರು ಸಾಕು, ಕೇಸಿನ ಮೇಲೆ ಗಾಯ ಉಳಿಯುತ್ತದೆ. ಹತ್ತಿರದ ರಿಪೇರಿಯವರಲ್ಲಿ ತೆರೆಸಿ, ಅಲ್ಲಿಯೇ ಕಿಟಕಿಯ ಬಳಿ ಫೋಟೊ ತೆಗೆದು, ಅಲ್ಲಿಯೇ ಮುಚ್ಚಿಸಿಕೊಂಡು ಬನ್ನಿ. ಕೀ ಕೊಡುವ ಈ ಮಾದರಿಗಳಲ್ಲಿ ಸಾಮಾನ್ಯವಾಗಿ ಇರುವುದು 17 ಜ್ಯುವೆಲ್‌ನ, ಅಂದರೆ ಸವೆತ ತಡೆಯುವ 17 ಪುಟ್ಟ ಹರಳುಗಳಿರುವ, 0231 ಯಂತ್ರ. ಆ ಸಂಖ್ಯೆ ಓದಲು ಬರುವಂತೆ ಒಂದು ಫೋಟೊ ಇರಲಿ, ಸ್ಕ್ರೂಗಳ ತಲೆ ಕಾಣುವಂತೆ ಇನ್ನೊಂದು ಇರಲಿ. ಸ್ಕ್ರೂಗಳ ತಲೆಯ ಸೀಳು ಹರಿದಿದ್ದರೆ, ತುಕ್ಕಿನ ಚುಕ್ಕೆ ಇದ್ದರೆ, ತಿಳಿದವನು ಅದರಿಂದಲೇ ಗಡಿಯಾರದ ಪೂರ್ವಚರಿತ್ರೆಯನ್ನು ಓದಿಬಿಡುತ್ತಾನೆ.

ಡಯಲ್ ಮೂಲದ್ದು ಎಂದು ತೋರಿಸುವುದಕ್ಕೆ ದೊಡ್ಡ ಫೋಟೊ ಸಾಲದು. ನಾವು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜನ್ನು ಮೊಬೈಲ್ ಲೆನ್ಸಿಗೆ ಒತ್ತಿ ಹಿಡಿದು ಮೂರು ಜಾಗಗಳನ್ನು ತೆಗೆಯಿರಿ. ಹೆಸರಿನ ಅಕ್ಷರಗಳು ಒಂದು, ಕೆಳತುದಿಯಲ್ಲಿ ಆರು ಗಂಟೆಯ ಬಳಿ ಇರುವ ಚಿಕ್ಕ ಬರಹ ಎರಡು, ಅಂಚಿನ ನಿಮಿಷದ ಗೆರೆಗಳು ಮೂರು. ಮರುಬಣ್ಣದ ಡಯಲ್‌ನಲ್ಲಿ ನಿಮಿಷದ ಗೆರೆಗಳು ಒಂದೊಂದೂ ಒಂದೊಂದು ದಪ್ಪ ಇರುತ್ತವೆ, ಅಕ್ಷರಗಳ ಅಂಚು ಹರಡಿಕೊಂಡಿರುತ್ತದೆ. ತಾರೀಖಿನ ಕಿಂಡಿ ಇರುವ ಮಾದರಿಯಾದರೆ ಕಿಂಡಿಯ ಅಂಚಿಗೆ ಬಣ್ಣ ಮೆತ್ತಿಕೊಂಡಿರುತ್ತದೆ. ನಿಮಿಷದ ಮುಳ್ಳು ಅಂಚಿನ ಗೆರೆಗಳನ್ನು ಮುಟ್ಟದಿದ್ದರೆ ಅದು ಬೇರೆ ಗಡಿಯಾರದಿಂದ ಬಂದ ಮುಳ್ಳು ಇರಬಹುದು. ಫೋಟೊ ತೆಗೆಯುವಾಗ ಸಮಯವನ್ನು ಹತ್ತು ಗಂಟೆ ಹತ್ತು ನಿಮಿಷಕ್ಕೆ ತಿರುಗಿಸಿಕೊಂಡರೆ ಹೆಸರೂ ಕೆಳಗಿನ ಬರಹವೂ ಎರಡೂ ಮುಳ್ಳಿನ ಮರೆಗೆ ಹೋಗದೆ ಕಾಣುತ್ತವೆ.

ರಾಮನಗರ_ಗೂಡು

ನಾನು ಗಡಿಯಾರದವನಲ್ಲ, ರೇಷ್ಮೆ ಬೆಳೆಗಾರರ ಮನೆಯವನು. ಆದರೂ ಹರಾಜಿನ ಮಾತು ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಈಗ ಕೂಗುವುದು ಮೊಬೈಲಿನಲ್ಲಿಯೇ. ಆದರೆ ಕೂಗುವ ಮೊದಲು ರೀಲರುಗಳು, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಲಾಟಿನ (ಮಾರಾಟಕ್ಕಿಟ್ಟ ಗೂಡಿನ ರಾಶಿಯ) ಬಳಿಗೆ ಬಂದು, ಗೂಡನ್ನು ಕೈಯಲ್ಲಿ ಹಿಡಿದು, ಅಮುಕಿ, ಕಿವಿಯ ಹತ್ತಿರ ಅಲುಗಿಸಿ ನೋಡುತ್ತಾರೆ. ಬೆಲೆ ಹೇಳುವ ವಿಧಾನ ಬದಲಾಯಿತೇ ಹೊರತು ಕೈಯಿಂದ ಮುಟ್ಟಿ ನೋಡುವುದು ಬದಲಾಗಲಿಲ್ಲ. ಮೇಡಂ ಅವರ ಹರಾಜಿನಲ್ಲಿ ಆ ಮುಟ್ಟಿ ನೋಡುವ ಕೆಲಸವನ್ನೂ ಫೋಟೊವೇ ಮಾಡಬೇಕು. ಹಾಗಾದರೆ ಕೊಳ್ಳುವವನು ಕೈಗೆತ್ತಿಕೊಂಡಿದ್ದರೆ ಯಾವ ಯಾವ ಕಡೆಗೆ ಹೊರಳಿಸುತ್ತಿದ್ದನೋ ಆ ಎಲ್ಲ ಕಡೆಯಿಂದಲೂ ಫೋಟೊ ಬೇಕಲ್ಲವೇ? ಮುಂಭಾಗದ್ದೇ ನಾಲ್ಕು ಹಾಕಿದರೆ, ಲಾಟಿನ ಮೇಲಿನ ಪದರವನ್ನು ಮಾತ್ರ ತೋರಿಸಿದಂತೆ ಆಗುತ್ತದೆ.

ರೆಡಿಂಗ್_ಕನ್ನಡಿಗ

ಗೂಡಿನ ಹೋಲಿಕೆ ನೂರಕ್ಕೆ ನೂರು ಸರಿ. ನಾನು ಅಂಗಡಿಯಲ್ಲಿ ಹಳೆಯ ಗಡಿಯಾರವನ್ನು ಎತ್ತಿಕೊಂಡರೆ ಮೊದಲು ಡಯಲ್ ನೋಡಿ, ತಕ್ಷಣ ಮಗುಚಿ ಹಿಂಬದಿಯ ಮುಚ್ಚಳ ನೋಡಿ, ಆಮೇಲೆ ಕ್ರೌನ್ (ಕೀ ಕೊಡುವ ಗುಂಡಿ) ಇರುವ ಬದಿ, ಎದುರು ಬದಿ, ಪಟ್ಟಿ ಕೂರುವ ಕಿವಿಗಳು, ಹೀಗೆ ಹೋಗುತ್ತೇನೆ. ಅದೇ ಕ್ರಮದಲ್ಲಿ ಫೋಟೊಗಳಿದ್ದರೆ ಓದಲು ಸುಲಭ. ಪಟ್ಟಿಯನ್ನು ಕಳಚಿ ತೆಗೆದರೆ ಇನ್ನೂ ಒಳ್ಳೆಯದು, ಏಕೆಂದರೆ ಬೆವರಿಗೆ ಕ್ರೋಮ್ ಎದ್ದು ಹೋಗುವುದು ಕಿವಿಗಳ ಒಳಮಗ್ಗುಲಿನಲ್ಲಿ.

ಇಬೇ ಎಂಬ ಆನ್‌ಲೈನ್ ಹರಾಜು ತಾಣದಲ್ಲಿ ಒಂದು ವಸ್ತುವಿಗೆ 24 ಫೋಟೊಗಳವರೆಗೆ ಹಾಕಬಹುದು. ಉದ್ದದ ಬದಿ ಕನಿಷ್ಠ 500 ಪಿಕ್ಸೆಲ್ ಇರಲೇಬೇಕು, 1600 ಇದ್ದರೆ ಕೊಳ್ಳುವವರು ಹಿಗ್ಗಿಸಿ ನೋಡಬಹುದು. ಫೋಟೊದ ಮೇಲೆ ಅಕ್ಷರ ಬರೆಯುವುದು, ಸುತ್ತ ಚೌಕಟ್ಟು ಹಾಕುವುದು ಅಲ್ಲಿ ನಿಷಿದ್ಧ. ಬಳಸಿದ ವಸ್ತುವಿಗೆ ಕಂಪನಿಯ ಜಾಹೀರಾತಿನ ಚಿತ್ರವನ್ನಾಗಲಿ ಬೇರೆಯವರ ಫೋಟೊವನ್ನಾಗಲಿ ಹಾಕುವಂತಿಲ್ಲ.

ಅರ್ಥಶಾಸ್ತ್ರ_ಮೇಷ್ಟ್ರು

ಇಲ್ಲಿ ನಡೆದಿರುವ ಮಾತಿಗೆ ಅರ್ಥಶಾಸ್ತ್ರದಲ್ಲಿ ಗಟ್ಟಿಯಾದ ಬುನಾದಿಯಿದೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಮುಂದಿಟ್ಟುಕೊಂಡು ತೋರಿಸಿದ್ದು ಇದನ್ನೇ: ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಎಲ್ಲವನ್ನೂ ಕೆಟ್ಟ ಸರಕಿನ ಅನುಮಾನದಲ್ಲಿಯೇ ಅಳೆದು ಕಡಿಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕಿನವರು ಮಾರಲೊಪ್ಪದೆ ಹಿಂದೆ ಸರಿಯುತ್ತಾರೆ. ಈ ಕ್ಷೇತ್ರದ ಕೆಲಸಕ್ಕಾಗಿ ಅವರಿಗೆ 2001ರಲ್ಲಿ ನೊಬೆಲ್ ಸಂದಿತು. ಇಬೇಯ ಕಾರು ಹರಾಜುಗಳನ್ನೇ ಪರಿಶೀಲಿಸಿ ಗ್ರೆಗರಿ ಲೂಯಿಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾರುವವರು ಹಾಕಿದ ಫೋಟೊ ಮತ್ತು ಬರಹ ಎಷ್ಟು ವಿವರವಾಗಿವೆ ಎಂಬುದಕ್ಕೂ ಬಂದ ಬೆಲೆಗೂ ಗಾಢ ಸಂಬಂಧ ಕಂಡುಬಂದಿತ್ತು. ತಂದೆಯವರ ಪೈಲಟ್‌ಗೆ ಒಂದೂ ಕೂಗು ಬಾರದಿದ್ದುದು ಗಡಿಯಾರದ ಮೇಲಿನ ತೀರ್ಪಲ್ಲ ಮೇಡಂ, ಕಾಣದಿದ್ದ ಭಾಗದ ಮೇಲಿನ ತೀರ್ಪು.

ಬಿಳಿಹಿನ್ನೆಲೆ

ನನ್ನ ಅನುಭವ ಸ್ವಲ್ಪ ಬೇರೆ. ನಾನು ಹಿತ್ತಾಳೆ ದೀಪ, ಬಿಂದಿಗೆಗಳನ್ನು ಮಾರುತ್ತೇನೆ. ಮೊದಲ ಫೋಟೊ ಆದಷ್ಟು ಶುಭ್ರವಾಗಿ, ಹಿನ್ನೆಲೆಯನ್ನು ಅಳಿಸಿ, ಅಚ್ಚ ಬಿಳಿಯ ಮೇಲೆ ಇರಬೇಕು. ಹುಡುಕಾಟದ ಪುಟದಲ್ಲಿ ನೂರಾರು ಚಿತ್ರಗಳ ನಡುವೆ ಬೆರಳ ಉಗುರಿನಷ್ಟು ಕಾಣುವ ಚಿತ್ರ ಕಣ್ಣು ಸೆಳೆಯದಿದ್ದರೆ ಉಳಿದ ಇಪ್ಪತ್ತಮೂರನ್ನು ಯಾರು ತೆರೆದು ನೋಡುತ್ತಾರೆ? ಈಗಿನ ಮೊಬೈಲ್‌ಗಳಲ್ಲಿ ಎಐ ಸ್ಪಷ್ಟತೆ ಹೆಚ್ಚಿಸುವ ಸೌಲಭ್ಯವಿದೆ, ಅದನ್ನೂ ಬಳಸಿದರೆ ತಪ್ಪೇನಿಲ್ಲ ಎಂದು ನನ್ನ ಅಭಿಪ್ರಾಯ.

ಕಿಟಕಿಬೆಳಕು

ಹಿನ್ನೆಲೆ ಅಳಿಸುವುದನ್ನು ಹಿತ್ತಾಳೆ ಬಿಂದಿಗೆಯ ವಿಷಯದಲ್ಲಿ ಒಪ್ಪುತ್ತೇನೆ. ಗಡಿಯಾರದಲ್ಲಿ ಅದೇ ತಂತ್ರ ಕ್ರೌನ್‌ನ ಹಲ್ಲುಗಳನ್ನು ಸವರಿ ಹಾಕುವುದನ್ನು ನಾನು ಕಂಡಿದ್ದೇನೆ. ಕ್ರೌನ್ ಸವೆದಿದೆಯೋ ಇಲ್ಲವೋ ಎಂಬುದೇ ತಿಳಿಯದಾಗುತ್ತದೆ. ಮೊದಲ ಒಂದು ಫೋಟೊಕ್ಕೆ ಮಾತ್ರ, ಅಂಚುಗಳನ್ನು ಹಿಗ್ಗಿಸಿ ಪರೀಕ್ಷಿಸಿದ ಮೇಲೆ, ಬೇಕಾದರೆ ಮಾಡಬಹುದು.

ಎಐ ಸ್ಪಷ್ಟತೆಯ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ವಿರೋಧ. ಅದು ಇರುವ ವಿವರವನ್ನು ಸ್ಪಷ್ಟಪಡಿಸುವುದಿಲ್ಲ, ಇರಬಹುದಾದ ವಿವರವನ್ನು ಊಹಿಸಿ ಬರೆಯುತ್ತದೆ. ಮಬ್ಬಾದ ಚಿಕ್ಕ ಅಕ್ಷರಗಳನ್ನು ತಿದ್ದಿ ಚೂಪು ಮಾಡುತ್ತದೆ, ಡಯಲ್ ಮೇಲಿನ ತೇವದ ಕಲೆಯನ್ನು ನಯಗೊಳಿಸುತ್ತದೆ. ಹೀಗೆ ತಿದ್ದಿದ ಅಕ್ಷರಗಳನ್ನು ನೋಡಿದ ಸಂಗ್ರಾಹಕ ನಿಜವಾದ ಮೂಲ ಡಯಲ್ಲನ್ನೇ ಮರುಬಣ್ಣದ್ದೆಂದು ತಿಳಿಯುವ ಸಾಧ್ಯತೆಯೂ ಇದೆ. ಕ್ಯಾಮೆರಾದ ಸೌಂದರ್ಯವರ್ಧಕ ಆಯ್ಕೆಗಳನ್ನೆಲ್ಲ ಆಫ್ ಮಾಡಿ, ಬೆಳಕನ್ನೇ ಸರಿಪಡಿಸಿಕೊಳ್ಳುವುದು ಪ್ರಾಮಾಣಿಕ ಮಾರ್ಗ.

ಮಲ್ಲೇಶ್ವರ_ಸಂಗ್ರಹ

ಇದಕ್ಕೆ ನನ್ನದೇ ಒಂದು ಕಹಿ ಅನುಭವವಿದೆ. ಮೂರು ವರ್ಷಗಳ ಹಿಂದೆ ಕಪ್ಪು ಡಯಲ್‌ನ ಒಂದು ಗಡಿಯಾರವನ್ನು ಜರ್ಮನಿಯವರೊಬ್ಬರಿಗೆ ಹರಾಜಿನಲ್ಲಿ ಮಾರಿದೆ. ಫೋಟೊಗೆ ಒಂದು ಫಿಲ್ಟರ್ ಹಾಕಿದ್ದೆ, ಅಂದವಾಗಿ ಕಾಣಲಿ ಎಂಬುದಷ್ಟೇ ಉದ್ದೇಶ. ಅದರಿಂದ ಕಪ್ಪು ಡಯಲ್ ಕಡುನೀಲಿಯಾಗಿ ಕಂಡಿದೆ, ನನಗೆ ಅದು ಹೊಳೆಯಲೇ ಇಲ್ಲ. ಅವರು ನೀಲಿ ಡಯಲ್ ಅಪರೂಪವೆಂದು ಭಾವಿಸಿ ಹೆಚ್ಚು ಬೆಲೆಗೆ ಕೂಗಿದ್ದರು. ಗಡಿಯಾರ ತಲುಪಿದ ಮೇಲೆ ವಿವರಣೆಗೆ ಹೊಂದುವುದಿಲ್ಲವೆಂದು ದೂರು ಕೊಟ್ಟರು. ಬರಹದಲ್ಲಿ ನಾನು ‘ಕಪ್ಪು’ ಎಂದೇ ಬರೆದಿದ್ದೆ, ಆದರೂ ನಿರ್ಣಯ ಅವರ ಪರವಾಗಿ ಬಂತು, ಬಂದದ್ದು ನ್ಯಾಯವೂ ಆಗಿತ್ತು. ಹೋಗುವ ಅಂಚೆ, ಬರುವ ಅಂಚೆ ಎರಡನ್ನೂ ನಾನೇ ತೆತ್ತೆ. ಹಣಕ್ಕಿಂತ ಹೆಚ್ಚಾಗಿ, ಅವರು ಬರೆದ ‘ನಿಮ್ಮ ಫೋಟೊವನ್ನು ನಂಬಿದ್ದೆ’ ಎಂಬ ಸಾಲು ನನ್ನನ್ನು ಇಂದಿಗೂ ಕಾಡುತ್ತದೆ. ಅಂದಿನಿಂದ ಪ್ರತಿ ಸರಣಿಯ ಒಂದು ಫೋಟೊದಲ್ಲಿ ಗಡಿಯಾರದ ಪಕ್ಕ ಬಿಳಿಯ ಕಾಗದದ ತುಂಡೊಂದನ್ನು ಇಡುತ್ತೇನೆ. ಕಾಗದ ಬಿಳಿಯಾಗಿ ಕಂಡರೆ ಉಳಿದ ಬಣ್ಣವೂ ಸರಿಯಿದೆ ಎಂದು ನೋಡುವವರಿಗೆ ತಿಳಿಯುತ್ತದೆ.

ಅದೇ ಕಾಗದದ ಮೇಲೆ ನನ್ನ ಖಾತೆಯ ಹೆಸರು ಮತ್ತು ಆ ದಿನದ ತಾರೀಖನ್ನು ಪೆನ್ನಿನಲ್ಲಿ ಬರೆದಿಡುತ್ತೇನೆ. ಫೇಸ್‌ಬುಕ್ ಗುಂಪುಗಳ ಹರಾಜಿನಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಬೇರೆಯವರ ಫೋಟೊ ಕದ್ದು, ಕೈಯಲ್ಲಿ ಇಲ್ಲದ ಗಡಿಯಾರವನ್ನು ಮಾರುವವರು ಅಲ್ಲಿ ಇದ್ದಾರೆ. ಫೋಟೊದ ಹಕ್ಕು ಕಾನೂನಿನಂತೆ ತೆಗೆದವರದ್ದೇ ಆದರೂ, ಕಳವಾದ ಮೇಲೆ ಹೋರಾಡುವುದಕ್ಕಿಂತ ಕಾಗದದ ತುಂಡು ಇಡುವುದು ಸುಲಭ.

ಚಿಕ್ಕಪೇಟೆ_ಮುಳ್ಳು

ಇನ್ನೊಂದು ಎಚ್ಚರಿಕೆ. ಮೊಬೈಲಿನಲ್ಲಿ ಸ್ಥಳ ದಾಖಲಾಗುವ ಆಯ್ಕೆಯನ್ನು ಆಫ್ ಮಾಡಿ ಫೋಟೊ ತೆಗೆಯಿರಿ. ಕೊಳ್ಳಲು ಬಂದವರು ಮೂಲ ಫೈಲನ್ನೇ ಇಮೇಲ್ ಮಾಡಿ ಎಂದು ಕೇಳುವುದುಂಟು, ಆಗ ಮನೆ ಎಲ್ಲಿದೆ ಎಂಬುದೂ ಅದರ ಜೊತೆಗೇ ಹೋಗುತ್ತದೆ. ಹಾಗೆಯೇ ಹೊಳೆಯುವ ಹಿಂಬದಿಯ ಮುಚ್ಚಳದಲ್ಲಿ ಮನೆಯ ಒಳಾಂಗಣ, ಮಕ್ಕಳ ಮುಖ ಕಾಣುತ್ತಿದೆಯೇ ಎಂದು ಒಮ್ಮೆ ಹಿಗ್ಗಿಸಿ ನೋಡಿ.

ತುಮಕೂರಿನ_ಮಗಳು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ವಾರ ಕಾದು ಬರೆಯುತ್ತಿದ್ದೇನೆ.

ಪೈಲಟ್ ಅನ್ನು ಇಲ್ಲಿನ ರಿಪೇರಿಯವರೊಬ್ಬರಲ್ಲಿ ತೆರೆಸಿದೆ. ಯಂತ್ರದ ಮೇಲೆ 0231 ಸ್ಪಷ್ಟವಾಗಿ ಓದಲು ಬರುತ್ತದೆ, ಒಂದೇ ಒಂದು ಸ್ಕ್ರೂವಿನ ತಲೆಯೂ ಕೆಟ್ಟಿಲ್ಲ. ಅವರು ಅದನ್ನು ನೋಡಿ, ‘ಇದನ್ನು ಜೋಡಿಸಿದ ಕೈಯೇ ಮತ್ತೆ ಬಿಚ್ಚಿರಬೇಕು’ ಎಂದರು. ಅದನ್ನು ಅಮ್ಮನಿಗೆ ಹೇಳಿದೆ. ಕಪ್ಪು ಹಾಳೆಗೆ ರಂಧ್ರ ಮಾಡಿ ಫೋಟೊ ತೆಗೆದಾಗ ಕಂಡದ್ದನ್ನು ಮರೆಯಲಾರೆ. ಇಷ್ಟು ವರ್ಷ ಮನೆಯಲ್ಲಿದ್ದ ಗಡಿಯಾರದ ಡಯಲ್ಲನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ನಾಲ್ಕು ಗಂಟೆಯ ಅಂಕಿಯ ಬಳಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಕಂದು ಚುಕ್ಕೆಯಿದೆ. ಅದನ್ನು ಭೂತಗಾಜಿನಿಂದ ಪ್ರತ್ಯೇಕವಾಗಿ ತೆಗೆದು, ಎರಡನೆಯ ಫೋಟೊವಾಗಿಯೇ ಹಾಕಿದೆ.

ಒಟ್ಟು 17 ಫೋಟೊ ಹಾಕಿದ್ದೆ. ಹಿನ್ನೆಲೆಯನ್ನು ಅಳಿಸಲಿಲ್ಲ. ಹಿಂದಿನ ಆರಂಭದ ಬೆಲೆಯಲ್ಲಿಯೇ ಇಟ್ಟೆ. ಮೂರನೆಯ ದಿನ ಮೊದಲ ಕೂಗು ಬಂತು. ಕೊನೆಯ ರಾತ್ರಿ ಅಮ್ಮ ಮತ್ತು ನಾನು ಎದ್ದೇ ಇದ್ದೆವು. ಗೀರಿದ್ದ ಆ ಇನ್ನೊಂದು ಪೈಲಟ್‌ಗೆ ಬಂದಷ್ಟು ಬೆಲೆ ಬರಲಿಲ್ಲ, ಆದರೆ ಅದಕ್ಕೆ ಹತ್ತಿರ ಬಂತು. ಒಟ್ಟು ಒಂಬತ್ತು ಕೂಗುಗಳಾದವು. ಕೊಂಡವರು ಗಡಿಯಾರ ತಲುಪಿದ ಮೇಲೆ, ಆ ಕಂದು ಚುಕ್ಕೆ ಫೋಟೊದಲ್ಲಿ ಕಂಡದ್ದಕ್ಕಿಂತ ಚಿಕ್ಕದಿದೆ ಎಂದು ಬರೆದಿದ್ದಾರೆ.

ಹನ್ನೊಂದು ಪ್ರಶ್ನೆಗಳ ಜಾಗದಲ್ಲಿ ಈ ಸಲ ಒಂದೇ ಪ್ರಶ್ನೆ ಬಂದಿತ್ತು: ಪಟ್ಟಿಯ ಅಗಲ ಎಷ್ಟು ಮಿಲಿಮೀಟರ್ ಎಂದು. ಉಳಿದ ಐದು ಗಡಿಯಾರಗಳಿಗೆ ಸ್ಕೇಲ್ ಇಟ್ಟು ಒಂದು ಫೋಟೊ ಸೇರಿಸಬೇಕೆಂದಿದ್ದೇನೆ. ಮೇಲಿನಿಂದ ಸ್ಕೇಲ್ ಹಿಡಿದರೆ ಅಂಕಿಗಳು ಓರೆಯಾಗಿ ಬರುತ್ತಿವೆ. ಹೇಗೆ ಹಿಡಿಯಬೇಕು?

ರೆಡಿಂಗ್_ಕನ್ನಡಿಗ

ತುಂಬಾ ಸಂತೋಷವಾಯಿತು ಮೇಡಂ. ಪಟ್ಟಿ ಕಳಚಿ, ಗಡಿಯಾರವನ್ನು ಮಗುಚಿ ಮಲಗಿಸಿ, ಸ್ಟೀಲಿನ ಸ್ಕೇಲನ್ನು ಎರಡು ಕಿವಿಗಳ ಹಿಂಬದಿಗೆ ತಾಗಿಸಿ ಇಡಿ. ಮೊಬೈಲು ಸರಿಯಾಗಿ ನೆತ್ತಿಯ ಮೇಲಿರಲಿ, ಒಂದು ಮೊಳ ಎತ್ತರದಲ್ಲಿ. ಸ್ಕೇಲಿನ ಸೊನ್ನೆಯ ತುದಿ ಸವೆದಿರುವುದುಂಟು, ಆದ್ದರಿಂದ ಸೊನ್ನೆಯ ಬದಲು ಒಂದು ಸೆಂಟಿಮೀಟರಿನ ಗೆರೆಯನ್ನು ಎಡಗಿವಿಯ ಒಳಅಂಚಿಗೆ ಹೊಂದಿಸಿಕೊಳ್ಳಿ, ಓದಿದ ಅಳತೆಯಿಂದ ಆ ಒಂದು ಸೆಂಟಿಮೀಟರ್ ಕಳೆಯಿರಿ.